ಐವತ್ತರ ಮೇಲಿನ ನಾಟಿ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಮಕ್ಕಳ ಮುಂದೆ ಆಡಿದವರೇ. ಆದರೆ ಈ ಗಾದೆಯನ್ನು ಕಟ್ಟಿದ ಹಿರಿಯರು ಕಾಫಿ ತೋಟ ಕಂಡವರಾಗಿರಲಿಕ್ಕಿಲ್ಲ. ನಲವತ್ತು ವರ್ಷ ಫಸಲು ಕೊಟ್ಟು, ರೆಂಬೆಗಳು ಬರಿದಾಗಿ, ತುದಿಯಲ್ಲಿ ನಾಲ್ಕು ಎಲೆ ಹೊತ್ತು ನಿಂತ ರೋಬಸ್ಟಾ ಗಿಡವನ್ನು ಕೊಯ್ಲು ಮುಗಿದೊಡನೆ ನೆಲದಿಂದ ಒಂದಡಿ ಎತ್ತರಕ್ಕೆ ಓರೆಯಾಗಿ ಕೊಯ್ದು, ಗಾಯಕ್ಕೆ ಬೋರ್ಡೋ ಮುಲಾಮು ಬಳಿದು ಬಿಟ್ಟರೆ, ಮಳೆ ಬೀಳುತ್ತಲೇ ಬುಡದಿಂದ ಕಂಬಚಿಗುರುಗಳು ಏಳುತ್ತವೆ. ಅವುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ಮುರಿದರೆ ಮೂರನೆಯ ವರ್ಷದ ಹೊತ್ತಿಗೆ ಗಿಡ ಮತ್ತೆ ಹೂ ಹಿಡಿಯುತ್ತದೆ. ಬೇರು ಹಳೆಯದು, ಫಸಲು ಹೊಸದು.

ಈ ಕೆಲಸಕ್ಕೆ ಎರಡು ಷರತ್ತುಗಳುಂಟು. ಬೇರು ಗಟ್ಟಿಯಾಗಿರಬೇಕು, ಬಂದ ಚಿಗುರನ್ನೆಲ್ಲ ಉಳಿಸಿಕೊಳ್ಳುವ ಆಸೆಯನ್ನು ಬಿಡಬೇಕು. ಗಿಡದ ಬಗ್ಗೆ ಇಷ್ಟು ತಿಳಿದ ನಾವು ನಮ್ಮ ಬಗ್ಗೆ ಮಾತ್ರ "ಇನ್ನು ನಮ್ಮದೇನಿದೆ, ಆಯಿತಲ್ಲ" ಎಂದು ಐವತ್ತಕ್ಕೇ ಕೈತೊಳೆದುಕೊಳ್ಳುವುದು ಸರಿಯೇ ಎಂಬುದೇ ಈ ಲೇಖನದ ವಿಚಾರ.

ಯಾರಿಗಾಗಿ ಈ ತೋಟ?

ಅಡಿಕೆ ಮೂಟೆ ತೂಕಕ್ಕಿಟ್ಟು ರಶೀದಿಗಾಗಿ ಕಾಯುವ ಹೊತ್ತಿನಲ್ಲಿ ಸದಸ್ಯರು ಆಡುವ ಮಾತು ಕೇಳಿದರೆ ಈ ಬೇಸರದ ಪರಿಚಯವಾಗುತ್ತದೆ. "ಮಗ ಬೆಂಗಳೂರು, ಮಗಳು ಅದಕ್ಕೂ ದೂರ. ಅವರು ಹಬ್ಬಕ್ಕೆ ಬಂದು ನಾಲ್ಕು ಫೋಟೊ ಹಿಡಿದು ಹೋಗುತ್ತಾರೆ. ಯಾರಿಗಾಗಿ ರಾಯರೇ ಇಷ್ಟೆಲ್ಲ?" ಎಂದು ಒಬ್ಬರು ಕೇಳಿದರೆ, ಪಕ್ಕದವರು "ನಿಮ್ಮದು ಹಾಗಾದರೆ ನಮ್ಮದು ಹೀಗೆ" ಎಂದು ತಮ್ಮ ಕಥೆ ತೆಗೆಯುತ್ತಾರೆ. ಧಾರಣೆ ಚೆನ್ನಾಗಿರುವ ವರ್ಷವೂ ಈ ಮಾತು ನಿಲ್ಲುವುದಿಲ್ಲ. ಆದ್ದರಿಂದ ಇದು ಹಣದ ಮಾತಷ್ಟೇ ಆಗಿರಲಾರದು.

ನಲವತ್ತೈದರಿಂದ ಅರವತ್ತರ ನಡುವಿನ ಬೆಳೆಗಾರನ ಸ್ಥಿತಿಯನ್ನು ನೋಡಿರಿ. ತಂದೆಯ ಕಾಲದ ಸಾಲ ತೀರಿದೆ, ಅಥವಾ ತೀರುವ ದಾರಿ ಕಂಡಿದೆ. ಮಕ್ಕಳ ಓದು ಮುಗಿದಿದೆ. ಮಳೆಗಾಲಕ್ಕೆ ಮದ್ದು ಬಿಡುವುದು, ಗೊಬ್ಬರ ಕೊಡುವುದು, ಕೊಯ್ಲು, ಸುಲಿತ, ಕಣದ ಕೆಲಸ ಇವೆಲ್ಲ ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾಗಿವೆ. ಇಪ್ಪತ್ತೈದು ವರ್ಷಗಳ ಕಾಲ ಬೆಳಿಗ್ಗೆ ಎಬ್ಬಿಸುತ್ತಿದ್ದ ಚಿಂತೆಗಳೇ ಇಲ್ಲವಾದಾಗ ಮನುಷ್ಯನಿಗೆ ಹಗುರವೆನಿಸಬೇಕಿತ್ತು. ಅನೇಕರಿಗೆ ಅದು ಬರಿದೆನಿಸುತ್ತದೆ. ಜೊತೆಗೆ ಮರ ಹತ್ತುವವರು ಸಿಗುತ್ತಿಲ್ಲ. ತನ್ನ ಮಂಡಿಯೂ ಮೊದಲಿನಂತೆ ಗುಡ್ಡ ಏರುತ್ತಿಲ್ಲ. ಸುಳ್ಯ, ಸಂಪಾಜೆ, ಕೊಪ್ಪ, ಶೃಂಗೇರಿ ಕಡೆಗಳಲ್ಲಿ ಹಳದಿ ಎಲೆ ರೋಗ ಹೊಕ್ಕ ತೋಟಗಳ ಯಜಮಾನರಿಗಂತೂ ತಾತ ನೆಟ್ಟ ಮರ ಕಣ್ಣೆದುರೇ ಸೊರಗುವುದನ್ನು ನೋಡುವ ಸಂಕಟ ಬೇರೆ.

ಈ ಬೇಸರದಲ್ಲಿ ತೆಗೆದುಕೊಳ್ಳುವ ತೀರ್ಮಾನಗಳೇ ಅಪಾಯಕರ. ಗೊಬ್ಬರ ಒಂದು ವರ್ಷ ತಪ್ಪುತ್ತದೆ. ಸತ್ತ ಮರದ ಜಾಗಕ್ಕೆ ಸಸಿ ಬೀಳುವುದಿಲ್ಲ. ಉದಿ (ಬಸಿಗಾಲುವೆ) ಹೂಳು ತುಂಬುತ್ತದೆ. ಐದು ವರ್ಷ ಕಳೆದ ಮೇಲೆ "ತೋಟದಲ್ಲಿ ಏನೂ ಉಳಿದಿಲ್ಲ, ಮಾರಿಬಿಡೋಣ" ಎಂಬ ಮಾತು ಬರುತ್ತದೆ. ತೋಟ ಸೋತದ್ದಕ್ಕೆ ಯಜಮಾನ ಸೋತನೋ, ಯಜಮಾನ ಸೋತದ್ದಕ್ಕೆ ತೋಟ ಸೋತಿತೋ ಎಂಬುದು ಆಗ ಯಾರಿಗೂ ತಿಳಿಯುವುದಿಲ್ಲ.

ವಯಸ್ಸಿನ ಲೆಕ್ಕ, ಗಿಡದ ಲೆಕ್ಕ

"ಈ ವಯಸ್ಸಿನಲ್ಲಿ ನೆಟ್ಟು ನಾನು ತಿನ್ನುವುದು ಯಾವಾಗ?" ಎಂಬುದು ಸಾಮಾನ್ಯ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ. ಅಡಿಕೆ ಸಸಿ ನೆಟ್ಟ ಐದರಿಂದ ಏಳು ವರ್ಷಕ್ಕೆ ಹಿಂಗಾರ ಬಿಡುತ್ತದೆ. ಐವತ್ತಕ್ಕೆ ನೆಟ್ಟವನು ಐವತ್ತಾರು ಐವತ್ತೇಳಕ್ಕೆ ಮೊದಲ ಗೊನೆ ಕಾಣುತ್ತಾನೆ. ಅರವತ್ತರ ಹೊತ್ತಿಗೆ ಒಳ್ಳೆಯ ಫಸಲು. ಅರೇಬಿಕಾ ಮೂರು ನಾಲ್ಕು ವರ್ಷಕ್ಕೆ, ರೋಬಸ್ಟಾ ನಾಲ್ಕೈದು ವರ್ಷಕ್ಕೆ, ಕಾಳುಮೆಣಸು ಮೂರು ನಾಲ್ಕು ವರ್ಷಕ್ಕೆ ಕೈಗೆ ಬರುತ್ತವೆ. ದೇವರು ಆಯುಸ್ಸು ಕೊಟ್ಟರೆ ಹದಿನೈದು ಇಪ್ಪತ್ತು ಕೊಯ್ಲು ನೋಡುವಷ್ಟು ಕಾಲವಿದೆ. ಈ ಇಪ್ಪತ್ತು ವರ್ಷಗಳನ್ನು "ಕೊನೆಗಾಲ" ಎಂದು ಕರೆಯುವುದು ಲೆಕ್ಕದ ತಪ್ಪು.

ಇನ್ನೊಂದು ಲೆಕ್ಕ. ಒಂಬತ್ತಡಿಗೊಂದರಂತೆ ನೆಟ್ಟ ಒಂದೆಕರೆ ಅಡಿಕೆ ತೋಟದಲ್ಲಿ ಸುಮಾರು 540 ಮರಗಳಿರುತ್ತವೆ. ಮುದಿ ಮರಗಳ ತೋಟವನ್ನು ಒಂದೇ ಸಲ ಕಡಿದು ಹೊಸದು ಕಟ್ಟುವುದು ಸಣ್ಣ ಹಿಡುವಳಿದಾರನಿಂದ ಆಗದ ಮಾತು. ನಡುವಿನ ವರ್ಷಗಳಲ್ಲಿ ಒಲೆ ಉರಿಯುವುದು ಹೇಗೆ? ಆದರೆ ಸಾಲುಗಳ ನಡುವೆ ವರ್ಷಕ್ಕೆ ಐವತ್ತು ಸಸಿ ಇಟ್ಟು, ಅವು ಮೇಲೆದ್ದಂತೆ ಹಳೆಯ ಮರಗಳನ್ನು ತೆಗೆಯುತ್ತ ಹೋದರೆ ಹನ್ನೊಂದು ವರ್ಷಗಳಲ್ಲಿ ಎಕರೆ ಪೂರ್ತಿ ಹೊಸ ಸಸಿ ಬಿದ್ದಿರುತ್ತದೆ. ಐವತ್ತು ಸಸಿಯ ಗುಣಿ ತೋಡಿಸುವುದು, ನೆರಳು ಕಟ್ಟುವುದು, ಬೇಸಿಗೆಯಲ್ಲಿ ನೀರು ನೋಡುವುದು ಇವು ಐವತ್ತರ ದೇಹಕ್ಕೆ ಮೀರಿದ ಕೆಲಸಗಳಲ್ಲ. ಕಾಫಿಗೂ ಇದೇ ಕ್ರಮ. ಹತ್ತಡಿ ಅಂತರದ ಒಂದೆಕರೆ ರೋಬಸ್ಟಾದಲ್ಲಿ ಸುಮಾರು 435 ಗಿಡ. ವರ್ಷಕ್ಕೆ ನಲವತ್ತು ನಲವತ್ತೈದು ಗಿಡಗಳ ಬುಡ ಕೊಯ್ದರೆ ಫಸಲು ಒಂದಿಷ್ಟು ಕಡಿಮೆಯಾದೀತೇ ಹೊರತು ಮನೆ ನಿಲ್ಲುವುದಿಲ್ಲ. ಚಿಗುರಿಗೆ ಒಳ್ಳೆಯ ತಳಿಯ ಕಸಿ ಕಟ್ಟಲು ಕಲಿತರೆ ಹಳೆಯ ಬೇರಿನ ಮೇಲೆ ಹೊಸ ತಳಿಯೇ ಬೆಳೆಯುತ್ತದೆ.

ವರ್ಷಕ್ಕಿಷ್ಟು ಎಂದು ಗೊತ್ತು ಮಾಡಿಕೊಂಡ ಕೆಲಸಕ್ಕೆ ಒಂದು ಗುಣವಿದೆ. ಅದು ಮುಂದಿನ ವರ್ಷಕ್ಕಾಗಿ ಮನುಷ್ಯ ಕಾಯುವಂತೆ ಮಾಡುತ್ತದೆ.

ನಮ್ಮ ಸುತ್ತಿನವರು

ದೂರದ ದೇಶದ ದೊಡ್ಡವರ ಉದಾಹರಣೆ ನಮಗೆ ಬೇಡ. ಅಡಿಕೆ ಕಾಫಿಯ ನಮ್ಮ ಸೀಮೆಯಲ್ಲೇ ನಡುವಯಸ್ಸಿನಲ್ಲಿ ಹೊಸ ದಾರಿ ಹಿಡಿದವರಿದ್ದಾರೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸದವರಾಗಿದ್ದರು. ಭೂಮಾಲಿಕರೊಬ್ಬರಿಂದ ಅವರಿಗೆ ಸಿಕ್ಕಿದ್ದು ನೀರಿಲ್ಲದ ಬೋಳು ಗುಡ್ಡದ ಎರಡೆಕರೆ. ಬಾವಿ ತೋಡಿಸಲು ಹಣವಿರಲಿಲ್ಲ. ಹಗಲು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ದೀಪ ಹಿಡಿದು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದರು. ಒಂದಾದ ಮೇಲೊಂದು ಸುರಂಗಗಳು ಒಣಗಿಯೇ ಉಳಿದವು. ಅವರ ವರ್ಷಗಳು ಮಣ್ಣಿನಲ್ಲಿ ಕಳೆದವು. ಜನ ನಕ್ಕರೂ ಅವರು ಗುದ್ದಲಿ ಕೆಳಗಿಡಲಿಲ್ಲ. ಕೊನೆಗೆ ನೀರು ಬಂತು. ಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಎದ್ದವು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಪ್ರಶಸ್ತಿಗಿಂತ ದೊಡ್ಡದು ಆ ತೋಟ.

ಸುಳ್ಯದ ಗಿರೀಶ್ ಭಾರದ್ವಾಜರು ಎಂಜಿನಿಯರಿಂಗ್ ಓದಿ ಊರಿನಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದವರು. ಪಯಸ್ವಿನಿ ಹೊಳೆಯಾಚೆ ಇದ್ದ ಅರಂಬೂರಿನ ಜನಕ್ಕೆ ಮಳೆಗಾಲದಲ್ಲಿ ದಾಟುವುದೇ ಕಷ್ಟವಾಗಿತ್ತು. ಅವರಿಗಾಗಿ 1989ರಲ್ಲಿ ಊರವರ ನೆರವಿನಿಂದಲೇ ತೂಗುಸೇತುವೆ ಕಟ್ಟಿಕೊಟ್ಟರು. ಆಗ ಅವರ ವಯಸ್ಸು ನಲವತ್ತರ ಹತ್ತಿರ. ಸೇತುವೆ ಕಟ್ಟುವುದು ಅವರು ಓದಿದ ವಿಷಯವೂ ಆಗಿರಲಿಲ್ಲ. ಅವರದು ಯಂತ್ರ ವಿಭಾಗ. ಆ ಒಂದು ಸೇತುವೆ ನೂರಕ್ಕೂ ಹೆಚ್ಚು ಸೇತುವೆಗಳಿಗೆ ದಾರಿಯಾಯಿತು. 2017ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ಬಂಟ್ವಾಳ ತಾಲೂಕಿನವರೇ ಆದ ಕೋಮಾಲೆಯ ಗಣಪತಿ ಭಟ್ಟರು ಮರ ಹತ್ತುವವರು ಸಿಗದ ಕಷ್ಟವನ್ನು ನಮ್ಮೆಲ್ಲರಂತೆ ಅನುಭವಿಸಿದ ಅಡಿಕೆ ಬೆಳೆಗಾರರು. ಕುಳಿತುಕೊಂಡೇ ಅಡಿಕೆ ಮರ ಏರುವ ಮೋಟಾರು ಯಂತ್ರವನ್ನು ನಡುವಯಸ್ಸು ಮೀರುತ್ತಿದ್ದಾಗ ರೂಪಿಸಿದರು. 2019ರಲ್ಲಿ ಅದರ ಚಿತ್ರ ದೇಶವಿಡೀ ಹರಿದಾಡಿತು. ಕೂಲಿಯವರ ಅಭಾವವನ್ನು ನಾವು ಗೊಣಗಿದೆವು. ಅವರು ಅದನ್ನೇ ಕೆಲಸವಾಗಿ ಎತ್ತಿಕೊಂಡರು.

ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಹುಟ್ಟಿದ್ದು 1902ರಲ್ಲಿ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಅಂಥವರು ಕನ್ನಡದಲ್ಲಿ ವಿಜ್ಞಾನ ತಿಳಿಸುವ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಹೊರತಂದದ್ದು 1959ರಿಂದ 1964ರ ಅವಧಿಯಲ್ಲಿ, ಅಂದರೆ ಅರವತ್ತರ ಎರಡೂ ಮಗ್ಗುಲಲ್ಲಿ. ಜ್ಞಾನಪೀಠ ತಂದ 'ಮೂಕಜ್ಜಿಯ ಕನಸುಗಳು' ಪ್ರಕಟವಾದಾಗ ಅವರಿಗೆ ಅರವತ್ತಾರು. ಇನ್ನು ಮೂಡಿಗೆರೆಯ ಕಾಫಿ ಬೆಳೆಗಾರರೇ ಆಗಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿಕಾರರೆಂದು ಹೆಸರು ಪಡೆದ ಮೇಲೂ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಬೇಕೆಂದು ದುಡಿದರು.

ನಮ್ಮ ಸಹಕಾರ ಚಳವಳಿಯೂ ಇಂಥದೇ ಕಥೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರ ದಿಕ್ಕೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿತು. ವ್ಯಾಪಾರ ಕಲಿತು ಬಂದವರಲ್ಲ, ಮನೆ ತೋಟ ಸಂಸಾರವುಳ್ಳ ಬೆಳೆಗಾರರೇ ಮುಂದೆ ನಿಂತರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. 1988ರಲ್ಲಿ ಅದೇ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟಾಗ ಲೇಖನಿ ಹಿಡಿದವರು ಕೃಷಿಕರೇ. ಅಲ್ಲಿಯವರೆಗೆ ಕಾಗದ ಪತ್ರ ಬಿಟ್ಟರೆ ಬೇರೇನೂ ಬರೆಯದಿದ್ದ ಕೈಗಳು ತಮ್ಮ ತೋಟದ ಅನುಭವವನ್ನು ಮುದ್ರಣಕ್ಕೆ ಕೊಟ್ಟವು.

ಇವರೆಲ್ಲರಲ್ಲಿ ಸಮಾನವಾದದ್ದೇನು? ಕಣ್ಣೆದುರಿನ ಒಂದು ಕೊರತೆಯಿಂದ ಶುರು ಮಾಡಿದರು. ಕೈಯಲ್ಲಿದ್ದ ವಿದ್ಯೆಯನ್ನೇ ಹೊಸ ಕಡೆಗೆ ತಿರುಗಿಸಿದರು. ಮೊದಲ ಹೆಜ್ಜೆ ಚಿಕ್ಕದಾಗಿತ್ತು: ಒಂದು ಸುರಂಗ, ಒಂದು ಸೇತುವೆ. "ನನ್ನ ಜೀವನದ ಗುರಿಯೇನು" ಎಂದು ಚಾವಡಿಯಲ್ಲಿ ಕುಳಿತು ಯೋಚಿಸಿ ಇವರು ಗುರಿ ಕಂಡುಕೊಂಡದ್ದಲ್ಲ. ಕೆಲಸ ಮಾಡುತ್ತ ಮಾಡುತ್ತ ಗುರಿ ತಾನಾಗಿ ಗೋಚರಿಸಿತು.

ಚಿಗುರು ಆರಿಸುವ ಕ್ರಮ

ಬೆಳೆಗಾರ ಬಂಧುಗಳು ತಮ್ಮ ಮಟ್ಟಿಗೆ ಏನು ಮಾಡಬಹುದು? ಎಲ್ಲರಿಗೂ ಒಂದೇ ಮದ್ದು ಹೇಳಲಾಗದಿದ್ದರೂ ಕೆಲವು ಸೂಚನೆಗಳನ್ನು ಇಲ್ಲಿ ಕೊಡಬಹುದು.

ಮೊದಲನೆಯದು, ಒಂದು ಪುಸ್ತಕ ಹಿಡಿದು ತೋಟದ ನಾಲ್ಕು ಗಡಿ ಸುತ್ತುವುದು. ದಿನವೂ ಹೋಗುವ ಕಾಲುದಾರಿ ಬಿಟ್ಟು, ವರ್ಷಗಳಿಂದ ಕಾಲಿಡದ ಮೂಲೆಗಳಿಗೆ ಹೋಗಬೇಕು. ಯಾವ ತುಂಡಿನ ಮರ ಎಷ್ಟು ಹಳೆಯದು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಖಾಲಿ ಗುಣಿಗಳಿವೆ, ಎಲ್ಲಿ ಬಿಳಿ ಕಾಂಡಕೊರಕದ ಗಿಡ ಉಳಿದುಕೊಂಡಿದೆ ಎಂದು ಬರೆಯಬೇಕು. ನಾಲ್ಕು ಕಡೆಯ ಮಣ್ಣು ತೆಗೆದು ಪರೀಕ್ಷೆಗೆ ಕಳುಹಿಸಬೇಕು. ತಿಳಿದಿದೆ ಎಂದುಕೊಂಡಿದ್ದ ತೋಟದಲ್ಲಿ ತಿಳಿಯದ್ದು ಎಷ್ಟಿದೆ ಎಂಬುದು ಆಗ ಗೊತ್ತಾಗುತ್ತದೆ.

ಎರಡನೆಯದು, ಒಂದು ಪ್ರಯೋಗದ ತುಂಡು. ಹತ್ತು ಸೆಂಟ್ಸ್ ಸಾಕು. ಹೊಸ ತಳಿ, ಹೊಸ ಅಂತರ, ಮಿಶ್ರಬೆಳೆ, ಜಾಯಿಕಾಯಿ ಹೀಗೆ ಮನಸ್ಸಿಗೆ ಬಂದದ್ದನ್ನು ಅಲ್ಲಿ ಮಾಡಿ ಲೆಕ್ಕ ಇಡಬೇಕು. ಅದು ಸೋತರೂ ಮನೆ ಸೋಲದಷ್ಟು ಚಿಕ್ಕದಿರಲಿ. 1925ರಿಂದ ನಡೆದಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲದ ಕೇಂದ್ರ ಇವು ನಮ್ಮವೇ. ಐವತ್ತರ ಮೇಲೆ ವಿದ್ಯಾರ್ಥಿಯಾಗಿ ಅಲ್ಲಿಗೆ ಹೋಗಲು ಯಾವ ಸಂಕೋಚವೂ ಬೇಕಿಲ್ಲ.

ಮೂರನೆಯದು, ದೇಹಕ್ಕೆ ತಕ್ಕ ಪಾತ್ರ. ಮರ ಹತ್ತಲಾಗದವನು ದೋಟಿಯಿಂದ ಕೊಯ್ಯುವುದನ್ನೂ ಮದ್ದು ಬಿಡುವುದನ್ನೂ ಕಲಿಯಬಹುದು. ಅಥವಾ ಕಲಿತ ಹುಡುಗರ ತಂಡ ಕಟ್ಟಬಹುದು. ಮೂವತ್ತು ಕೊಯ್ಲು ಕಂಡವನಿಗೆ ಗೊನೆ ನೋಡಿ ಬಲಿತದ್ದನ್ನು ಹೇಳುವ ಕಣ್ಣಿದೆ. ಆ ಕಣ್ಣು ಇಪ್ಪತ್ತರ ಹುಡುಗನಿಗಿಲ್ಲ. ಅದನ್ನು ಅವನಿಗೆ ದಾಟಿಸುವುದೂ ಒಂದು ನಾಟಿಯೇ.

ನಾಲ್ಕನೆಯದು, ಬೇಲಿಯಾಚೆಯ ಒಂದು ಕೆಲಸ. ಹಳ್ಳಕ್ಕೆ ಡಿಸೆಂಬರಿನಲ್ಲಿ ಕಟ್ಟ ಕಟ್ಟುವುದು, ಊರಿನ ಮದಗದ ಹೂಳು ತೆಗೆಸುವುದು, ಶಾಲೆಯ ಮಕ್ಕಳಿಗೆ ಕಸಿ ಕಲಿಸುವುದು, ನಮ್ಮ ಸಂಘದ ಉಪಸಮಿತಿಯಲ್ಲಿ ದುಡಿಯುವುದು. ಹಿಂದಿನವರು ಐವತ್ತರ ನಂತರ ವಾನಪ್ರಸ್ಥ ಎಂದರು. ಕಾಡಿಗೆ ಹೋಗುವ ಕಾಲ ಹೋಯಿತು. ನಮ್ಮಲ್ಲಿ ಬಹುಮಂದಿ ಕಾಡಿನ ಅಂಚಿನಲ್ಲೇ ಇದ್ದೇವೆ. "ನನ್ನದು" ಎಂಬುದರಿಂದ "ನಮ್ಮದು" ಎಂಬುದಕ್ಕೆ ಒಂದು ಹೆಜ್ಜೆ ಎಂದು ಅದನ್ನು ತಿಳಿದರೆ ಆ ಮಾತಿಗೆ ಈಗಲೂ ಬೆಲೆಯಿದೆ.

ಈ ನಾಲ್ಕನ್ನೂ ಒಂದೇ ವರ್ಷ ಹಿಡಿಯಬಾರದು. ಕಂಬಚಿಗುರಿನ ನಿಯಮವನ್ನು ನೆನೆಯಿರಿ. ಹತ್ತು ಚಿಗುರು ಬಿಟ್ಟರೆ ಗಿಡ ಪೊದೆಯಾಗುತ್ತದೆ, ಫಸಲಾಗುವುದಿಲ್ಲ. ಜೇನು, ಮೀನು, ಹೈನು, ಹೋಂಸ್ಟೇ ಎಂದು ಎಲ್ಲಕ್ಕೂ ಕೈಹಾಕಿ ಸಾಲ ಮಾಡಿಕೊಳ್ಳುವುದು ಬೇಸರಕ್ಕಿಂತ ದೊಡ್ಡ ರೋಗ. ಮಕ್ಕಳ ಮದುವೆಗೆ, ಮುಪ್ಪಿಗೆ ಇಟ್ಟ ಠೇವಣಿಯನ್ನು ಮುಟ್ಟದೆ ಆಗುವ ಕೆಲಸವನ್ನಷ್ಟೇ ಆರಿಸಬೇಕು.

ಮನೆಯೊಳಗಿನ ಮಾತು

ಬೇರು ಗಟ್ಟಿಯಿರಬೇಕೆಂದೆವಷ್ಟೆ. ಸಂಸಾರದ ಬೇರು ಮನೆಯೊಳಗಿದೆ. ಯಜಮಾನರ ಬೇಸರವನ್ನೇ ಎಲ್ಲರೂ ಮಾತಾಡುತ್ತಾರೆ. ಮೂವತ್ತು ವರ್ಷ ಆಳುಕಾಳುಗಳ ಊಟ, ಕೊಟ್ಟಿಗೆ, ಕಣ, ಮಕ್ಕಳು ಎಂದು ದುಡಿದ ಮನೆಯಾಕೆಗೂ ಮಕ್ಕಳು ಹೊರಟ ಮೇಲೆ ಮನೆ ಅಷ್ಟೇ ಬರಿದಾಗಿರುತ್ತದೆ. ತೋಟದ ಲೆಕ್ಕಪುಸ್ತಕ, ನರ್ಸರಿ, ಹಾಳೆ ತಟ್ಟೆ, ಹಲಸಿನ ಹಪ್ಪಳ ಹೀಗೆ ಅವರ ಕೈಗೆ ಒಗ್ಗುವ ಕೆಲಸಕ್ಕೆ ಅವರದೇ ಹೆಸರಿನ ಖಾತೆ ಇರಲಿ. ಆಕೆಗೆ ಇನ್ನೂ ನಮ್ಮ ಸಂಘದ ಸದಸ್ಯತ್ವ ಇಲ್ಲದಿದ್ದರೆ ಈ ವರ್ಷ ಪಾಲು ಕೊಳ್ಳಿಸಿರಿ.

ಮಕ್ಕಳೊಡನೆ ಆಡಬೇಕಾದ ಮಾತನ್ನೂ ಮುಂದೂಡಬಾರದು. "ತೋಟಕ್ಕೆ ಬರುತ್ತೀಯೋ ಇಲ್ಲವೋ" ಎಂದು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೆ ಸರಿಯಾದ ಉತ್ತರ ಬಾರದು. ನಕ್ಷೆ ಬಿಡಿಸಿ, ಗಡಿಕಲ್ಲು ತೋರಿಸಿ, ಆದಾಯ ಖರ್ಚು ಮುಂದಿಟ್ಟು, ಅವರಿಗೂ ಯೋಚಿಸಲು ಎರಡು ವರ್ಷ ಕೊಡಿ. ಬರಲಿ, ಬಾರದಿರಲಿ, ಅವರ ಉತ್ತರಕ್ಕೆ ನಮ್ಮ ಇಪ್ಪತ್ತು ವರ್ಷಗಳನ್ನು ಗಿರವಿ ಇಡಬೇಕಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂಬುದನ್ನು ಮನಸ್ಸಿನಲ್ಲಿಟ್ಟು ಮಾತಾಡಬೇಕು. ಪಹಣಿಯಲ್ಲಿ ಇನ್ನೂ ತಾತನ ಹೆಸರಿದ್ದರೆ ಪೌತಿ ಖಾತೆ ಮಾಡಿಸುವುದು, ಸಂಘದ ಪಾಲಿಗೂ ಠೇವಣಿಗೂ ನಾಮನಿರ್ದೇಶನ ಬರೆಸುವುದು ಇವೂ ನಡುವಯಸ್ಸಿನ ಕೆಲಸಗಳೇ. ಕಾಗದ ಪತ್ರ ನೇರ್ಪಾದರೆ ಮನಸ್ಸೂ ಅರ್ಧ ನೇರ್ಪಾಗುತ್ತದೆ.

ಮದ್ದು ಬೇಕಾದ ಬೇಸರ

ಒಂದು ಎಚ್ಚರಿಕೆಯ ಮಾತು ಅವಶ್ಯ. ಎಲ್ಲ ಬೇಸರವೂ ಹೊಸ ಕೆಲಸದಿಂದ ಹೋಗುವಂಥದಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕುಡಿತ ಹೆಚ್ಚಿದರೆ, "ಇದ್ದೇನು ಪ್ರಯೋಜನ" ಎಂಬ ಯೋಚನೆ ಮತ್ತೆ ಮತ್ತೆ ಬಂದರೆ ಅದು ಕಾಯಿಲೆ. ಕೊಳೆರೋಗಕ್ಕೆ ಮದ್ದು ಬಿಡುವಂತೆ ಅದಕ್ಕೂ ವೈದ್ಯರ ಮದ್ದುಂಟು. ತಾಲೂಕು ಆಸ್ಪತ್ರೆಗೆ ಹೋಗಿ ಹೇಳಿಕೊಳ್ಳುವುದರಲ್ಲಿ ಮಾನ ಹೋಗುವಂಥದೇನೂ ಇಲ್ಲ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡಬಹುದು. ನೆರೆಯ ಬೆಳೆಗಾರರೊಬ್ಬರು ನಾಲ್ಕು ದಿನ ತೋಟದಲ್ಲಿ ಕಾಣದಿದ್ದರೆ ಅವರ ಚಾವಡಿಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವುದು ನಮ್ಮೆಲ್ಲರ ಕರ್ತವ್ಯ.

ಮುಂಗಾರಿಗೆ ಮುಂಚೆ

ಮಳೆಗಾಲ ಹಿಡಿಯುವ ಮೊದಲು ಗುಣಿ ಸಿದ್ಧವಾಗಿರಬೇಕೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ಸಸಿಗೆ ಬೇಡಿಕೆ ಬರೆಸುವಾಗ ಮನೆಯ ಖಾಲಿ ಗುಣಿಗಳ ಲೆಕ್ಕದ ಜೊತೆಗೆ ತಮ್ಮ ಮುಂದಿನ ಹತ್ತು ವರ್ಷಗಳ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ನೋಡಬೇಕೆಂದು ಸದಸ್ಯ ಮಿತ್ರರಲ್ಲಿ ವಿನಂತಿ. ಐವತ್ತು ಸಸಿ ಆಗದಿದ್ದರೆ ಇಪ್ಪತ್ತೈದು. ಅದೂ ಆಗದಿದ್ದರೆ ಹತ್ತು. ಮಕ್ಕಳು ತಿನ್ನಲಿ, ಕೊಂಡವರು ತಿನ್ನಲಿ, ನಾವೇ ತಿನ್ನುವಂತಾಗಲಿ. ಹಿಂಗಾರ ಒಡೆದ ದಿನ ನೆಟ್ಟವನಿಗೆ ಆಗುವ ಸಂತೋಷಕ್ಕೆ ಪಾಲುದಾರರಿಲ್ಲ. ಆ ಸಂತೋಷವನ್ನು ಕಾಣಲು ಆರೇಳು ವರ್ಷ ಕಾಯಬೇಕು, ಅಷ್ಟೇ. ಹೇಗೂ ಆ ವರ್ಷಗಳು ಕಳೆಯುತ್ತವೆ, ಸಸಿ ಇಟ್ಟರೂ, ಇಡದಿದ್ದರೂ.